ಪರದೇಶದಲ್ಲಿ ಫೋನಿಗೂ ಟಿಕೆಟ್ ಬೇಕು

ತಿಕೋಟಾದ ಕಲಿಕಾ ಕೇಂದ್ರದಲ್ಲಿ ನಾವು ಒಂದು ಸಂಜೆ ಕುಳಿತಿದ್ದೆವು. ಊರಿನ ನಾಲ್ವರು ಹೆಣ್ಣುಮಕ್ಕಳು ಬಂದರು. ಎಲ್ಲರೂ ಹಜ್ ಯಾತ್ರೆಗೆ ಹೊರಟವರು. ಮೊದಲು ಮನೆಯ ಗಂಡಸರು ಜೊತೆಗಿಲ್ಲದೆ ಹೆಂಗಸರು ಹಜ್‌ಗೆ ಹೋಗುವಂತಿರಲಿಲ್ಲ. 2018ರಿಂದ 45 ವರ್ಷ ದಾಟಿದ ಹೆಂಗಸರು ಗುಂಪು ಕಟ್ಟಿಕೊಂಡು ತಾವೇ ಹೋಗಬಹುದು. ಈ ನಾಲ್ವರೂ ಹಾಗೆ ಹೊರಟಿದ್ದರು. ಪಾಸ್‌ಪೋರ್ಟ್ ತಯಾರು. ಬಟ್ಟೆಬರೆ ತಯಾರು. ಚಿಂತೆ ಒಂದೇ.

"ಅಲ್ಲಿ ನಮ್ಮ ಫೋನ್ ನಡೀತೈತೇನ್ರಿ? ಮೂರು ತಿಂಗಳದ ರೀಚಾರ್ಜ್ ಈಗ ಮಾಡ್ಸೀವಿ" ಎಂದು ಒಬ್ಬರು ಕೇಳಿದರು.

ಅವರ ಜೊತೆ ಬಬಲೇಶ್ವರದ ಬೀಗತಿ ಬಂದಿದ್ದರು. ಅವರು ಹಿಂದೆಯೇ ಹಜ್ ಮಾಡಿ ಬಂದವರು. ನಾವು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

"ನಾನೂ ಹಂಗ ತಿಳದಿದ್ನೆವಾ. ಜೆಡ್ಡಾದಾಗ ವಿಮಾನ ಇಳದು ಫೋನ್ ಚಾಲೂ ಮಾಡಿದ್ನಿ. ಟುಣ್ ಟುಣ್ ಅಂತ ಸಂದೇಶ ಬಂದ್ವು. ಫೋಟೋ ಬಂದ್ವು. ಮಗಳಿಗೆ ಹಚ್ಚಿ ಹತ್ತು ನಿಮಿಷ ಮುಖ ನೋಡಿಕೋತ ಮಾತಾಡಿದೆ. ರೂಮಿಗೆ ಹೋಗೂದ್ರಾಗ ಫೋನಿನ್ಯಾಗಿನ ರೊಕ್ಕ ಎಲ್ಲಾ ಖಾಲಿ. ಮುಂದ ನಾ ಹಚ್ಚಿದ್ರ ಹತ್ತವಲ್ತು. ಅವರು ಹಚ್ಚಿದ್ರ ನನಗ ಬರವಲ್ತು. ಮಗಳು ತುಂಬಿದ ಬಸುರಿ. ಆಕಿ ಹಡದದ್ದು ನನಗ ನಾಕು ದಿನ ಆದಮ್ಯಾಗ ಗೊತ್ತಾತು. ಅದೂ ಬಾಜೂ ರೂಮಿನವರ ಫೋನಿನ್ಯಾಗ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಫೋನ್ ಕೆಟ್ಟಿರಲಿಲ್ಲ. ಫೋನಿನಲ್ಲಿ 500 ರೂಪಾಯಿ ಇತ್ತು. ಅದು ಹೋದದ್ದು ಎಲ್ಲಿಗೆ?

ಬಸ್ಸಿನ ಮಾತು ನೆನೆಯೋಣ. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ತಿಕೋಟಾದಿಂದ ವಿಜಯಪುರಕ್ಕೆ ಹೋಗುತ್ತೇವೆ, ದುಡ್ಡು ಕೊಡುವುದಿಲ್ಲ. ಆದರೆ ಸೊಲ್ಲಾಪುರದಲ್ಲಿ ಮಹಾರಾಷ್ಟ್ರದ ಬಸ್ಸು ಹತ್ತಿದರೆ? ಅಲ್ಲಿ ಟಿಕೆಟ್ ತೆಗೆಯಲೇಬೇಕು. ಬಸ್ಸು ಅವರದು.

ಫೋನೂ ಹಾಗೆಯೇ. ನಮ್ಮ ಫೋನಿನ ಮಾತು ಮೊದಲು ಹತ್ತಿರದ ಟವರಿಗೆ ಹೋಗುತ್ತದೆ. ಇಲ್ಲಿಯ ಟವರು ನಮ್ಮ ಕಂಪನಿಯದು. ಮೆಕ್ಕಾ, ಮದೀನಾ ಇರುವುದು ಸೌದಿ ಅರೇಬಿಯಾ ದೇಶದಲ್ಲಿ. ಅಲ್ಲಿಯ ಟವರು ಅಲ್ಲಿಯ ಕಂಪನಿಯದು. ನಮ್ಮ ಸಿಮ್ ಅವರ ಟವರಿನ ಮೇಲೆ ಸವಾರಿ ಮಾಡುತ್ತದೆ. ಇದಕ್ಕೆ ರೋಮಿಂಗ್ ಎನ್ನುತ್ತಾರೆ. ಊರು ಬಿಟ್ಟು ತಿರುಗುವುದು ಎಂದು ಅರ್ಥ. ನಾವು ಊರಲ್ಲಿ ಹಾಕಿಸಿದ ರೀಚಾರ್ಜ್ ಆ ಸವಾರಿಗೆ ನಡೆಯುವುದಿಲ್ಲ. ಅದಕ್ಕೆ ಬೇರೆ ದರ. ಬಹಳ ತುಟ್ಟಿ ದರ.

ಇನ್ನೊಂದು ಮಾತು. ರೋಮಿಂಗ್‌ನಲ್ಲಿ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತದೆ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಆಗ ಇಲ್ಲಿಯೂ ಬಂದ ಕರೆಗೆ ದುಡ್ಡು ಇತ್ತು. 2003ರಲ್ಲಿ ಅದು ನಿಂತಿತು. ಹೊರದೇಶದ ರೋಮಿಂಗ್‌ನಲ್ಲಿ ನಿಂತಿಲ್ಲ. ಬೀಗತಿಯವರಿಗೆ ಮನೆಯ ಕರೆ ಬಾರದೆ ಹೋದದ್ದು ಇದಕ್ಕೇ.

ಇನ್ನು ಡೇಟಾ ಎಂದರೇನು? ಫೋಟೋ, ವಿಡಿಯೋ, ವಾಟ್ಸಾಪ್ ಮಾತು, ಎಲ್ಲವೂ ಇಂಟರ್ನೆಟ್ಟಿನ ಮೇಲೆ ಬರುತ್ತವೆ. ಬಂದ ಸಾಮಾನಿನ ತೂಕವೇ ಡೇಟಾ. ಹಿಟ್ಟನ್ನು ಕಿಲೋದಲ್ಲಿ ತೂಗಿದ ಹಾಗೆ ಇದನ್ನು ಎಂಬಿ, ಜಿಬಿ ಎಂದು ಅಳೆಯುತ್ತಾರೆ. ಸುಮಾರು ಸಾವಿರ ಎಂಬಿ ಕೂಡಿದರೆ ಒಂದು ಜಿಬಿ. ಬರೆದ ಸಂದೇಶ ಚಿಟಿಕೆಯಷ್ಟು. ವಾಟ್ಸಾಪ್‌ನಲ್ಲಿ ಬರೀ ಮಾತಾಡಿದರೆ ನಿಮಿಷಕ್ಕೆ ಒಂದು ಎಂಬಿಯ ಒಳಗೆ. ಮುಖ ನೋಡಿಕೊಂಡು ಮಾತಾಡಿದರೆ ನಿಮಿಷಕ್ಕೆ ಸುಮಾರು 5 ಎಂಬಿ.

ಈಗ ಲೆಕ್ಕ ಹಾಕೋಣ. ಪಾಟಿ ತೆಗೆದುಕೊಳ್ಳಿರಿ. ಒಂದು ಎಂಬಿಗೆ 10 ರೂಪಾಯಿ ಎಂದು ಹಿಡಿಯೋಣ. ಹತ್ತು ನಿಮಿಷ ಮುಖ ನೋಡಿ ಮಾತಾಡಿದರೆ 50 ಎಂಬಿ. ಅಂದರೆ 500 ರೂಪಾಯಿ! ಗುಂಪಿನವರು ಕಳಿಸಿದ ವಿಡಿಯೋಗಳ ಲೆಕ್ಕ ಬೇರೆ. ಫೋನಿನಲ್ಲಿ ಹಾಗೆ ಹೊಂದಿಸಿದ್ದರೆ ಅವು ನಾವು ಮುಟ್ಟದಿದ್ದರೂ ತಾವೇ ಬಂದು ಕೂಡುತ್ತವೆ. ಬೀಗತಿಯವರು ಪಾಟಿ ನೋಡಿ, "ನನ್ನ ರೊಕ್ಕ ಇಲ್ಲೇ ಹೋತು ನೋಡ್ರಿ" ಎಂದರು.

ಹಾಗಾದರೆ ಮಾಡುವುದೇನು? ಫೋನಿನಲ್ಲಿ ಹಲ್ಲಿನ ಚಕ್ರದ ಗುರುತು ಇರುತ್ತದೆ. ಅದೇ ಸೆಟ್ಟಿಂಗ್ಸ್. ಅದರೊಳಗೆ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂಬಲ್ಲಿ 'ಡೇಟಾ ರೋಮಿಂಗ್' ಎಂದು ಬರೆದಿರುತ್ತದೆ. ಫೋನಿನ ಭಾಷೆ ಕನ್ನಡ ಮಾಡಿಕೊಂಡರೆ ನೀವೇ ಓದಬಹುದು. ಮೊಮ್ಮಕ್ಕಳನ್ನು ಕರೆಯಬೇಕಿಲ್ಲ. ವಿಮಾನ ಹತ್ತುವ ಮೊದಲೇ ಅದನ್ನು ಬಂದ್ ಮಾಡಿರಿ. ಆಮೇಲೆ ಇಳಿದು ಫೋನ್ ಚಾಲೂ ಮಾಡಿದರೂ ಡೇಟಾಕ್ಕೆ ದುಡ್ಡು ಹೋಗುವುದಿಲ್ಲ.

ಬರೀ ಬಂದ್ ಮಾಡಿದರೆ ಮಾತಾಡುವುದು ಹೇಗೆ? ಒಂದು ದಾರಿ, ನಮ್ಮ ಕಂಪನಿಯಿಂದಲೇ ಹೊರದೇಶದ ಪ್ಯಾಕ್ ಹಾಕಿಸುವುದು. ವಿಜಯಪುರಕ್ಕೆ ಹೋದಾಗ ಕಂಪನಿಯ ಅಂಗಡಿಯಲ್ಲಿ ಕೇಳಿರಿ. "ಸೌದಿಗೆ ನಡೀತೈತಾ? ಎಷ್ಟು ದಿನ? ಎಷ್ಟು ಜಿಬಿ? ಬಂದ ಕರೆಗೆ ದುಡ್ಡು ಹೋಗ್ತೈತಾ?" ಈ ನಾಲ್ಕೂ ಪ್ರಶ್ನೆ ಕೇಳಿರಿ. ಉತ್ತರ ಬರೆಸಿಕೊಳ್ಳಿರಿ. ಪ್ಯಾಕ್ ಹಾಕಿಸಿದ್ದರೆ ಅಲ್ಲಿ ಇಳಿದ ಮೇಲೆ ಡೇಟಾ ರೋಮಿಂಗ್ ಚಾಲೂ ಮಾಡಬೇಕು.

ಇನ್ನೊಂದು ದಾರಿ, ಅಲ್ಲಿಯ ಸಿಮ್ ಕೊಳ್ಳುವುದು. ಎಸ್‌ಟಿಸಿ, ಮೊಬೈಲಿ, ಝೈನ್ ಎಂಬ ಕಂಪನಿಗಳು ಅಲ್ಲಿ ಇವೆ. ಪಾಸ್‌ಪೋರ್ಟ್ ತೋರಿಸಿ, ಬೆರಳ ಗುರುತು ಕೊಟ್ಟರೆ ಸಿಮ್ ಸಿಗುತ್ತದೆ. ಹಜ್ ಸಮಿತಿಯ ಮೂಲಕ ಹೋದವರು ಸಾಮಾನ್ಯವಾಗಿ 40 ದಿನದಷ್ಟು ಅಲ್ಲಿರುತ್ತಾರೆ. ಅಷ್ಟು ದಿನಕ್ಕೆ ಇದೇ ಮೇಲು ಎಂದು ನಮಗೆ ಅನಿಸುತ್ತದೆ. ನಾಲ್ಕೆಂಟು ದಿನಕ್ಕೆ ಹೋಗುವವರಿಗೆ ಪ್ಯಾಕ್ ಸಾಕು.

ಆದರೆ ಊರಿನ ಸಿಮ್ ತೆಗೆದು ಎಸೆಯಬೇಡಿರಿ! ಎರಡು ಸಿಮ್ ಹಿಡಿಯುವ ಫೋನಿದ್ದರೆ ಅದೂ ಒಳಗೇ ಇರಲಿ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಆ ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿರಿ. ಹೊಸ ಸಿಮ್ ಹಾಕಿದಾಗ, ನಂಬರ್ ಬದಲಿಸಬೇಕೇ ಎಂದು ವಾಟ್ಸಾಪ್ ಕೇಳಬಹುದು. ಬೇಡ ಎಂದು ಒತ್ತಿರಿ. ಹಳೆಯ ನಂಬರಿನಲ್ಲೇ ವಾಟ್ಸಾಪ್ ನಡೆಯುತ್ತದೆ. ಮನೆಯವರಿಗೂ ಗೊಂದಲವಿಲ್ಲ.

ವಸತಿಯಲ್ಲಿ ವೈಫೈ ಇದ್ದರೆ ಬಹಳ ಚಲೋ. ಅದಕ್ಕೆ ಸಿಮ್ಮಿನ ದುಡ್ಡು ಹೋಗುವುದಿಲ್ಲ. ಮುಖ ನೋಡಿ ಮಾತಾಡುವುದನ್ನು ಅಲ್ಲಿಗೇ ಇಟ್ಟುಕೊಳ್ಳಿರಿ. ಎಲ್ಲರೂ ಬಳಸುವ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾತ್ರ ಬೇಡ.

ನಾಲ್ವರಲ್ಲಿ ಒಬ್ಬರ ಮಗ ದುಬೈಯಲ್ಲಿ ದುಡಿಯುತ್ತಾನೆ. "ಅವನಿಗೆ ವಾಟ್ಸಾಪ್ ಹಚ್ಚಿದ್ರ ಮಾತು ಹತ್ತೂದ ಇಲ್ರಿ" ಎಂದರು. ಅದು ಮಗನ ತಪ್ಪಲ್ಲ. ಅಲ್ಲಿ ಸರಕಾರ ಒಪ್ಪಿದ ಆ್ಯಪ್‌ನಲ್ಲಿ ಮಾತ್ರ ಇಂಟರ್ನೆಟ್ ಕರೆ ನಡೆಯುತ್ತದೆ. ಬೋಟಿಮ್ ಎಂಬುದು ಅಂಥದೊಂದು. ವಾಟ್ಸಾಪ್‌ನಲ್ಲಿ ಬರೆದದ್ದು, ಮಾತಾಡಿ ಕಳಿಸಿದ್ದು ಅಲ್ಲಿಗೂ ಮುಟ್ಟುತ್ತದೆ.

ಹಜ್‌ನ ಮುಖ್ಯ ದಿನಗಳಲ್ಲಿ ಮಿನಾದಲ್ಲಿ ಲಕ್ಷಗಟ್ಟಲೆ ಜನ ಡೇರೆಗಳಲ್ಲಿ ಇರುತ್ತಾರೆ. ಎಲ್ಲರೂ ಒಮ್ಮೆಲೇ ಫೋನ್ ಹಚ್ಚುತ್ತಾರೆ. ಜಾತ್ರೆಯಲ್ಲಿ ಟವರು ಸಿಗದೆ ಹೋಗುತ್ತದಲ್ಲ, ಹಾಗೆ. ಕರೆ ಹತ್ತದಿದ್ದರೆ ಗಾಬರಿ ಬೇಡ. ನಾಲ್ಕು ಅಕ್ಷರ ಬರೆದು ಕಳಿಸಿರಿ. ದಾರಿ ಸಿಕ್ಕಾಗ ಅದು ತಾನೇ ಹೋಗುತ್ತದೆ. ಭಾರತ ಸರಕಾರ 2024ರಲ್ಲಿ 'ಹಜ್ ಸುವಿಧಾ' ಎಂಬ ಆ್ಯಪ್ ತಂದಿದೆ. ನಿಮ್ಮ ವಸತಿಯ ವಿವರ ಅದರಲ್ಲಿ ಸಿಗುತ್ತದೆ. ಊರಲ್ಲೇ ಹಾಕಿಸಿಕೊಂಡು ನೋಡಿ ಕಲಿಯಿರಿ. ಆದರೂ ಫೋನನ್ನೇ ನಂಬಬೇಡಿರಿ. ಯಾತ್ರೆಯವರು ಕೊಟ್ಟ ಗುರುತಿನ ಕಡಗ ಕೈಯಲ್ಲೇ ಇರಲಿ. ಜೊತೆಗೆ ಒಂದು ಚೀಟಿಯೂ ಇರಲಿ.

ಆ ಚೀಟಿಯನ್ನು ನಾಲ್ವರೂ ಅಂದೇ ಬರೆದರು. ತಮ್ಮ ಹೆಸರು, ಊರು, ಮನೆಯ ನಂಬರು, ಜೊತೆಗಾರರ ನಂಬರು. ಮನೆಯ ನಂಬರಿನ ಮುಂದೆ ಕೂಡಿಸುವ ಗುರುತು ಹಾಕಿ 91 ಬರೆಯಿರಿ ಎಂದೆವು. ಹೊರಗಿನಿಂದ ನಮ್ಮ ದೇಶಕ್ಕೆ ಬರುವ ಬಾಗಿಲು ಅದು. ಸೌದಿಯ ಬಾಗಿಲು 966. ಒಬ್ಬರು 91 ಅನ್ನು 19 ಎಂದು ಬರೆದಿದ್ದರು. ಪಕ್ಕದವರು ತೋರಿಸಿದರು. ನಗುತ್ತ ಅಳಿಸಿ ಬರೆದರು.

"ಅಲ್ಲಿ ಹೊತ್ತು ಯಾವಾಗ ಮುಳಗ್ತೈತಿ?" ಎಂದು ಒಬ್ಬರು ಕೇಳಿದರು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ರಾತ್ರಿ 10 ಗಂಟೆ ಆದಾಗ ತಿಕೋಟಾದಲ್ಲಿ 12.30.

"ಹಂಗಾರ ಮಧ್ಯಾಹ್ನದಾಗ ಮಾಡೂಣು. ರಾತ್ರಿ ಹುಡುಗ್ರು ಮಲಗಿರ್ತಾವ" ಎಂದು ಬೀಗತಿಯವರು ಹೇಳಿದರು. ನಾಲ್ವರೂ ಅದನ್ನೂ ಚೀಟಿಯಲ್ಲಿ ಬರೆದುಕೊಂಡರು.