ಬುಸುಗುಡುವ ಹಾವು, ಒದೆಯುವ ಹಕ್ಕಿ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆ ರಾಗಿ ಕೊಯ್ದು ಮೆದೆ ಹಾಕಿದರೆ ಇಲಿಗಳಿಗೂ ಸುಗ್ಗಿ. ಇಲಿಯ ಹಿಂದೆಯೇ ಕೊಳಕುಮಂಡಲ ಬರುತ್ತದೆ. ತೆಂಗಿನ ತೋಟದಲ್ಲಿ ರಾಶಿ ಬಿದ್ದ ಗರಿ, ಮಟ್ಟೆಗಳ ಅಡಿಯೂ ಅದಕ್ಕೆ ಒಳ್ಳೆಯ ತಾವು. ತರಗೆಲೆಯ ಬಣ್ಣದ ಮೈ, ಅದರ ಮೇಲೆ ಮೂರು ಸಾಲು ಕಂದು ಮಚ್ಚೆ. ಅಲುಗದೆ ಬಿದ್ದಿದ್ದು ಕಣ್ಣಿಗೆ ಬೀಳದಿರುವುದೇ ಅದರ ಮೊದಲ ರಕ್ಷಣೆ. ನಾವು ಅದನ್ನು ಕಾಣದೆ ತುಳಿಯುವುದೂ ಈ ಕಾರಣದಿಂದಲೇ.

ಹತ್ತಿರ ಹೋದದ್ದು ಅದಕ್ಕೆ ಗೊತ್ತಾದರೆ ಸುರುಳಿ ಸುತ್ತಿ, ಮೈ ಉಬ್ಬಿಸಿ, ಪ್ರೆಷರ್ ಕುಕ್ಕರ್‌ನಂತೆ ಬುಸುಗುಡುತ್ತದೆ. ಅದು ಎಚ್ಚರಿಕೆ. ವಿಷ ಇರುವುದು ಇಲಿ ಹಿಡಿಯಲು. ನುಂಗಲಾಗದ ಮನುಷ್ಯನ ಮೇಲೆ ಅದನ್ನು ಖರ್ಚು ಮಾಡಿದರೆ ಮತ್ತೆ ತುಂಬಿಕೊಳ್ಳಲು ದಿನಗಳೇ ಹಿಡಿಯುತ್ತವೆ. ಮೇಲಾಗಿ ಕಚ್ಚಲು ಬಂದ ಹಾವಿಗೆ ಪೆಟ್ಟು ಬೀಳುವ ಭಯವೂ ಇದೆ. ಆದ್ದರಿಂದ ಕಚ್ಚುವುದು ಅದರ ಕಡೆಯ ಉಪಾಯ.

ನಾಗರಹಾವು ಕತ್ತಿನ ಉದ್ದನೆಯ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆ ಬಿಚ್ಚುತ್ತದೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮುಂದಕ್ಕೆ ನುಗ್ಗಿ ಹೆದರಿಸುತ್ತದೆ. ಗರಗಸ ಮಂಡಲ ಬುಸುಗುಡುವ ಬದಲು ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ವಿಷವೇ ಇಲ್ಲದ ಕೇರೆಹಾವು ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ. ಪಾಪ, ನಾಗರವೆಂದು ತಿಳಿದು ಜನ ಅದನ್ನು ಹೊಡೆದುಹಾಕುತ್ತಾರೆ. ಎರಡು ತಲೆ ಹಾವಿಗೆ ಇರುವುದು ಒಂದೇ ತಲೆ. ಅದನ್ನು ಮೈಯ ಅಡಿ ಬಚ್ಚಿಟ್ಟು ಮೊಂಡು ಬಾಲವನ್ನು ಎತ್ತಿ ತೋರಿಸುತ್ತದೆ. ಪೆಟ್ಟು ಬಾಲಕ್ಕೆ ಬಿದ್ದರೂ ಜೀವ ಉಳಿಯುತ್ತದೆ.

ಹಾರಲಾರದ ದೊಡ್ಡ ಹಕ್ಕಿಗಳ ನಡತೆಯೂ ಇದೇ ಬಗೆಯದು, ದಾಳಿ ಅವಕ್ಕೂ ಕಡೆಯ ಉಪಾಯ. ಉಷ್ಟ್ರಪಕ್ಷಿ ಇಂದು ನಮಗೆ ಮೃಗಾಲಯದ ಪ್ರಾಣಿ, ಆದರೆ ಒಂದು ಕಾಲಕ್ಕೆ ಭಾರತದಲ್ಲೂ ಓಡಾಡಿತ್ತು. ಮಹಾರಾಷ್ಟ್ರದ ಪಾಟಣೆಯಲ್ಲಿ ಹಳೆಶಿಲಾಯುಗದ ಜನ ಗೆರೆ ಕೊರೆದ ಅದರ ಮೊಟ್ಟೆಯ ಚಿಪ್ಪು ಸಿಕ್ಕಿದೆ. ಅಪಾಯ ಕಂಡರೆ ಉಷ್ಟ್ರಪಕ್ಷಿ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಗೂಡಿನ ಮೇಲಿದ್ದರೆ ಕತ್ತನ್ನು ನೆಲಕ್ಕೆ ಚಾಚಿ ಮಲಗಿಬಿಡುತ್ತದೆ. ಮರಳಲ್ಲಿ ತಲೆ ಹೂಳುತ್ತದೆಂಬ ಕಥೆಗೆ ಇದೂ ಒಂದು ಕಾರಣವಿರಬೇಕು. ಓಡಲು ದಾರಿಯಿಲ್ಲದಾಗ ಮಾತ್ರ ಒದೆತ. ನಾವು ಮಂಡಿ ಎಂದುಕೊಳ್ಳುವುದು ಅದರ ಹಿಮ್ಮಡಿಯ ಕೀಲು. ಅದು ಹಿಂದಕ್ಕೆ ಬಾಗಿದಂತೆ ಕಂಡರೂ ಒದೆತ ಮುಂದಕ್ಕೇ ಬೀಳುತ್ತದೆ, ಎರಡೇ ಬೆರಳಿನ ಪಾದದ ದೊಡ್ಡ ಉಗುರಿನ ಸಮೇತ.

ಹಾರಲಾರದ ಇನ್ನೊಂದು ದೊಡ್ಡ ಹಕ್ಕಿ ಕ್ಯಾಸೊವರಿಯ ಒಳಬೆರಳಿನ ಉಗುರು ಸುಮಾರು 12 ಸೆಂಟಿಮೀಟರ್ ಉದ್ದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮನುಷ್ಯರ ಮೇಲೆ ನಡೆದ 150 ದಾಳಿಗಳನ್ನು ಪರಿಶೀಲಿಸಿದಾಗ, ಮುಕ್ಕಾಲು ಪಾಲು ದಾಳಿ ಜನರಿಂದ ತಿಂಡಿ ತಿಂದು ರೂಢಿಯಾಗಿದ್ದ ಹಕ್ಕಿಗಳದ್ದೇ ಎಂದು ತಿಳಿಯಿತು. ಕಾಡುಪ್ರಾಣಿಗೆ ಮನುಷ್ಯರ ಭಯ ಹೋದರೆ ಅದು ದೂರ ಸರಿಯುವುದನ್ನೇ ಬಿಡುತ್ತದೆ. ಹಾವಿಗೆ ಹಾಲಿಟ್ಟು, ಮುಟ್ಟಿ, ಮೊಬೈಲ್‌ನಲ್ಲಿ ವಿಡಿಯೊ ಮಾಡುವವರ ಬಗ್ಗೆ ನನಗೆ ಆತಂಕವಾಗುವುದು ಇದಕ್ಕೇ. ಹೆಡೆ ಎತ್ತಿ ನಿಂತ ಹಾವು ಹಿಂದೆ ಸರಿಯಿರಿ ಎನ್ನುತ್ತಿದೆ. ನಾವು ನಿಧಾನವಾಗಿ ಸರಿದರೆ ಅದೂ ತನ್ನ ದಾರಿ ಹಿಡಿಯುತ್ತದೆ.

ಎಚ್ಚರಿಕೆಯನ್ನೇ ಕೊಡದೆ ಕಚ್ಚುವ ಹಾವೊಂದಿದೆ, ಅದು ಕಟ್ಟುಹಾವು. ಹಗಲಲ್ಲಿ ಸುರುಳಿಯೊಳಗೆ ತಲೆ ಹುದುಗಿಸಿ ಮಂಕಾಗಿರುತ್ತದೆ. ರಾತ್ರಿ ಬೇಟೆ ಹುಡುಕುತ್ತ ಮನೆಯೊಳಗೆ ಬಂದಾಗ, ನೆಲದ ಮೇಲೆ ಮಲಗಿದವರು ಮಗ್ಗುಲು ಬದಲಿಸಿದರೆ ಕಚ್ಚುತ್ತದೆ. ನೋವೂ ಊತವೂ ಅಷ್ಟಾಗಿ ಇರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಬಂದು, ರೆಪ್ಪೆ ಜೋಲತೊಡಗಿದರೆ ಗಾಯ ಕಾಣದಿದ್ದರೂ ಹಾವು ಕಚ್ಚಿರಬಹುದೆಂದು ಅನುಮಾನಿಸಬೇಕು. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಅಡಿ ಸಿಕ್ಕಿಸಿದರೆ ಈ ಅಪಾಯ ಬಹಳ ಕಡಿಮೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಹಾಗಾಗಿ ಕಚ್ಚಿದ ಹಾವನ್ನು ಹುಡುಕಿ ಕೊಂದು ತರುವ ಹೊತ್ತನ್ನು ರೋಗಿಯನ್ನು ಸಾಗಿಸಲು ಬಳಸಬೇಕು.