ಬಾಯಿ ಒಣಗಿದರೆ ನೀರು ಕುಡಿದರಷ್ಟೇ ಸಾಕೇ?

‘ಬಾಯಿ ಒಣಗುತ್ತಿದೆಯೇ? ಹೆಚ್ಚು ನೀರು ಕುಡಿಯಿರಿ, ಊಟದ ನಂತರ ಒಂದು ಚೂರು ಅಡಿಕೆ ಅಗಿಯಿರಿ.’ ಇಂಥ ಸಲಹೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಎಷ್ಟು ನಿಜ?

ದೇಹದಲ್ಲಿ ನೀರು ಕಡಿಮೆಯಾದರೆ ಬಾಯಿ ಒಣಗುವುದು ನಿಜ. ಆದರೆ ಎಷ್ಟು ನೀರು ಕುಡಿದರೂ ವಾರಗಟ್ಟಲೆ ಬಾಯಿ ಒಣಗುತ್ತಲೇ ಇದ್ದರೆ ಕಾರಣ ಬೇರೆ ಇರಬಹುದು.

ಜೊಲ್ಲು ಬರೀ ನೀರಲ್ಲ

ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಉತ್ಪತ್ತಿಯಾಗುತ್ತದೆ. ಅದು ಆಮ್ಲವನ್ನು ತಗ್ಗಿಸುತ್ತದೆ, ಹಲ್ಲಿಗೆ ಕ್ಯಾಲ್ಸಿಯಂ ಒದಗಿಸುತ್ತದೆ, ರೋಗಾಣುಗಳನ್ನು ಹತೋಟಿಯಲ್ಲಿಡುತ್ತದೆ. ಈ ಕೆಲಸವನ್ನು ನೀರು ಮಾಡಲಾರದು.

ಉರಿಯೂತಕ್ಕೂ ಇದಕ್ಕೂ ಏನು ನಂಟು?

ನಂಟು ಎರಡೂ ಕಡೆಯಿಂದ ಇದೆ.

ಶೋಗ್ರೆನ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಕಣಗಳೇ ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತವೆ. ಗ್ರಂಥಿಗಳಲ್ಲಿ ಉರಿಯೂತವಾಗಿ ಜೊಲ್ಲು ಕಡಿಮೆಯಾಗುತ್ತದೆ. ಬಾಯಿಯ ಜೊತೆಗೆ ಕಣ್ಣೂ ಒಣಗಿ, ಮರಳು ಬಿದ್ದಂತೆ ಚುಚ್ಚುತ್ತದೆ. ಇದು ಮಹಿಳೆಯರಲ್ಲೇ ಹೆಚ್ಚು.

ಲೈಕೆನ್ ಪ್ಲಾನಸ್ ಎಂಬ ಇನ್ನೊಂದು ದೀರ್ಘಕಾಲದ ಉರಿಯೂತದಲ್ಲಿ ಕೆನ್ನೆಯ ಒಳಭಾಗದಲ್ಲಿ ಬಿಳಿ ಬಲೆಯಂಥ ಗೆರೆಗಳು ಕಾಣಿಸುತ್ತವೆ, ಖಾರ ತಿಂದರೆ ಉರಿಯುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದಿರುವ ಹಲವರು ಬಾಯಿ ಒಣಗುತ್ತದೆ ಎಂದೂ ಹೇಳುತ್ತಾರೆ.

ಇನ್ನು ಜೊಲ್ಲು ಕಡಿಮೆಯಾದಾಗ ಬಾಯಿಯ ತೆಳು ಪದರಕ್ಕೆ ರಕ್ಷಣೆ ಇರುವುದಿಲ್ಲ. ಊಟ ಉಜ್ಜಿ ಗಾಯವಾಗುತ್ತದೆ, ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ, ಉರಿ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಅಡಿಕೆ?

ಅಗಿದಾಗ ಜೊಲ್ಲು ಬರುತ್ತದೆ, ನಿಜ. ಆದರೆ ದಿನವೂ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಗಿಯಾಗಿ, ಬಾಯಿ ತೆರೆಯಲಾಗದ ಸ್ಥಿತಿ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ.

ಏನು ಮಾಡಬೇಕು?

• ಅಲರ್ಜಿ, ಖಿನ್ನತೆ, ಬಿಪಿಯ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.
• ಶುಗರ್ ಪರೀಕ್ಷೆ ಮಾಡಿಸಿ.
• ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ.
• ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರವಾದರೂ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ. ಅಪರೂಪಕ್ಕೆ ಲೈಕೆನ್ ಪ್ಲಾನಸ್ ಕ್ಯಾನ್ಸರ್‌ಗೆ ತಿರುಗಬಹುದು.

ಮನೆಯಲ್ಲಿ ಅಮ್ಮನೋ ಅಜ್ಜಿಯೋ ಒಂದು ತುತ್ತು ಚಪಾತಿ ನುಂಗಲು ಪ್ರತಿ ಸಲ ನೀರು ಕೇಳುತ್ತಿದ್ದಾರೆಯೇ? ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಫಾರ್ವರ್ಡ್ ಮಾಡುವ ಮೊದಲು ಅವರನ್ನು ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ.