ಇಲಿಯಂತೆ ಕಾಣುವುದೆಲ್ಲ ಇಲಿಯೇ?

ಮಕ್ಕಳೇ, ರಾತ್ರಿ ಗೋಡೆಯಂಚಿನಲ್ಲಿ ಚೀಂವ್ ಚೀಂವ್ ಎನ್ನುತ್ತ ಓಡುವ ಸುಂಡಿಲಿಯನ್ನು ನೀವು ನೋಡಿರಬಹುದು. ಹೆಸರಿನಲ್ಲಿ 'ಇಲಿ' ಇದ್ದರೂ ಅದು ಇಲಿಗಳ ಗುಂಪಿಗೆ ಸೇರಿದ್ದಲ್ಲ. ಅದರ ಮೂತಿ ಚೂಪು, ಮುಖ್ಯ ಆಹಾರ ಕೀಟಗಳು.

ಇಂಥದೇ ಗೊಂದಲ ಆಸ್ಟ್ರೇಲಿಯದಲ್ಲೂ ಇದೆ. ಅಲ್ಲಿ ಆಂಟಿಕೈನಸ್ ಎಂಬ ಪುಟ್ಟ ಪ್ರಾಣಿಯಿದೆ. ನೋಡಲು ಥೇಟ್ ಇಲಿ! ಆದರೆ ಅದು ಕಾಂಗರೂವಿನ ಹಾಗೆ ಹೊಟ್ಟೆಚೀಲದ ಸಸ್ತನಿಗಳ ಗುಂಪಿನದು. ಕಾಡಿನಂಚಿನ ಮನೆಗಳಿಗೆ ಅದು ನುಗ್ಗಿದಾಗ, ಇಲಿಯೆಂದು ತಿಳಿದು ಬೋನು ಅಥವಾ ವಿಷ ಇಡುವವರುಂಟು. ಹಾಗಾದರೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ?

ಹಲ್ಲು: ಇಲಿಗೆ ಮುಂದೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಉಳಿಯಂಥ ಬಾಚಿಹಲ್ಲುಗಳು. ಕಾಳು ಕಡಿಯಲು ಅವು ಬೇಕು. ಆಂಟಿಕೈನಸ್‌ಗೆ ಮೇಲೆ 8, ಕೆಳಗೆ 6 ಸಣ್ಣ ಬಾಚಿಹಲ್ಲುಗಳು. ಜೇಡ, ಜೀರುಂಡೆ ಹಿಡಿದು ತಿನ್ನಲು ಅವು ಸಾಕು.

ಮೂತಿ, ಕಿವಿ: ಆಂಟಿಕೈನಸ್‌ನ ಮೂತಿ ಉದ್ದ, ಚೂಪು. ಕಿವಿ ತೆಳ್ಳಗೆ ಮುದುರಿದಂತಿದ್ದು ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಮನೆ ಇಲಿಯ ಕಿವಿ ದುಂಡಗೆ, ನಯವಾಗಿರುತ್ತದೆ.

ಪಾದ: ಆಂಟಿಕೈನಸ್‌ನ ಮುಂಗಾಲಿನಲ್ಲಿ 5 ಬೆರಳು. ಇಲಿಯ ಮುಂಗಾಲಿನಲ್ಲಿ ಎದ್ದು ಕಾಣುವುದು 4 ಮಾತ್ರ.

ಇಷ್ಟಕ್ಕೇ ಮುಗಿಯಲಿಲ್ಲ. ಆಂಟಿಕೈನಸ್‌ನ ಬಂಧು ಡನಾರ್ಟ್ ಕೂಡ ಹಾಗೆಯೇ ಕಾಣುತ್ತದೆ. ಅದರ ಕಣ್ಣು, ಕಿವಿ ಇನ್ನೂ ದೊಡ್ಡವು. ಆಂಟಿಕೈನಸ್‌ಗೆ ಮರ ಹತ್ತಲು ತಕ್ಕ ಅಗಲ ಹಿಂಗಾಲು. ಹೆಚ್ಚಾಗಿ ನೆಲದ ಮೇಲೆ ಓಡಾಡುವ ಡನಾರ್ಟ್‌ಗೆ ಕಿರಿದಾದ ಹಿಂಗಾಲು.

ಗುರುತು ತಪ್ಪಿದರೆ ಏನಾಗುತ್ತದೆ? ಆಂಟಿಕೈನಸ್ ವರ್ಷಕ್ಕೆ ಒಂದೇ ಸಲ ಮರಿ ಹಾಕುತ್ತದೆ. ಕೂಡುವ ಕಾಲ ಮುಗಿಯುತ್ತಲೇ ಗಂಡುಗಳೆಲ್ಲ ಸಾಯುತ್ತವೆ! ಆ ಸಮಯದಲ್ಲಿ ದೇಹದಲ್ಲಿ ವಿಪರೀತ ಏರುವ ಹಾರ್ಮೋನು ಅವುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆಗ ಅವುಗಳ ವಯಸ್ಸು ಒಂದು ವರ್ಷವೂ ತುಂಬಿರುವುದಿಲ್ಲ. ಮುಂದೆ ಕೆಲವು ತಿಂಗಳು ಕಾಡಿನಲ್ಲಿ ಉಳಿಯುವುದು ತಾಯಂದಿರು ಮತ್ತು ಅವುಗಳ ಹೊಟ್ಟೆಗೆ ಅಂಟಿಕೊಂಡ ಮರಿಗಳು ಮಾತ್ರ. ಅಂಥ ಒಂದು ತಾಯಿ ಬೋನಿನಲ್ಲಿ ಸತ್ತರೆ ಮರಿಗಳೂ ಉಳಿಯುವುದಿಲ್ಲ. ಮನೆ ಇಲಿಯಾದರೋ ವರ್ಷದಲ್ಲಿ ಹಲವು ಸಲ ಮರಿ ಹಾಕಿ ಬೇಗ ಹೆಚ್ಚುತ್ತದೆ. ಆದ್ದರಿಂದ ಕೊಲ್ಲುವ ಬೋನಿನ ಬದಲು ಜೀವಂತ ಹಿಡಿಯುವ ಬೋನು ಇಟ್ಟು, ಗುರುತು ನೋಡಿ, ಆಂಟಿಕೈನಸ್ ಆಗಿದ್ದರೆ ಬಿಟ್ಟುಬಿಡುವುದೇ ಸರಿ.

ನೀವೇ ಮಾಡಿ ನೋಡಿ: ರಾತ್ರಿ ಗೋಡೆಯ ಬುಡದಲ್ಲಿ ಜರಡಿ ಹಿಡಿದ, ಪೂರ್ತಿ ತಣ್ಣಗಾದ ಬೂದಿಯನ್ನು ತೆಳ್ಳಗೆ ಹರಡಿ. ಬೆಳಿಗ್ಗೆ ಮೂಡಿರುವ ಹೆಜ್ಜೆಗಳ ಬೆರಳು ಎಣಿಸಿ. ಸುಂಡಿಲಿಯ ಮುಂಗಾಲಿಗೂ 5 ಬೆರಳು, ಇಲಿಗೆ 4. ಹಿಂಗಾಲಿನಲ್ಲಿ ಎರಡಕ್ಕೂ 5 ಬೆರಳಿರುವುದರಿಂದ ಮುಂಗಾಲಿನ ಗುರುತನ್ನೇ ಹುಡುಕಿ. ಪ್ರಾಣಿಯನ್ನು ಮಾತ್ರ ಮುಟ್ಟಬೇಡಿ. ನಿಮ್ಮ ಮನೆಗೆ ಬಂದವರು ಯಾರು?